ಇಡಿಡಿ ಕಾರ್ಡು, ಓವರ್‌ಪೇಮೆಂಟ್ ನೋಟಿಸು, ಫೋನಿನಲ್ಲಿ ವಿಚಾರಣೆ: ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಕಳೆದುಕೊಂಡವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಲೇಆಫ್ ಆಗಿ ನಿರುದ್ಯೋಗ ವಿಮೆಗೆ ಅರ್ಜಿ ಹಾಕಿದವರ ಮನೆಗೆ, ಅದನ್ನು ನೋಡಿಕೊಳ್ಳುವ ರಾಜ್ಯದ ಇಲಾಖೆ ಇಡಿಡಿಯಿಂದ (ಎಂಪ್ಲಾಯ್‌ಮೆಂಟ್ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಎರಡು ಬಗೆಯ ಲಕೋಟೆ ಬರುತ್ತವೆ. ಒಂದರಲ್ಲಿ ಭತ್ಯೆಯ ಹಣ ಬೀಳುವ ಡೆಬಿಟ್ ಕಾರ್ಡು, ಇನ್ನೊಂದರಲ್ಲಿ ನೋಟಿಸು. ಕಾರ್ಡು ಬಂದದ್ದನ್ನು ನಾಲ್ಕು ಜನರಿಗೆ ಹೇಳುತ್ತೇವೆ. ‘ನಿಮಗೆ ಹೆಚ್ಚು ಹಣ ಕೊಟ್ಟಿದ್ದೇವೆ, ವಾಪಸು ಕೊಡಿ’ ಎಂಬ ನೋಟಿಸು ಬಂದರೆ ಹೆಂಡತಿಗೂ ಹೇಳದೆ ಡ್ರಾಯರಿಗೆ ತುರುಕುತ್ತೇವೆ. ಡ್ರಾಯರಿನಲ್ಲಿ ಅದು ಇದ್ದಷ್ಟು ದಿನವೂ ಗಡುವು ಓಡುತ್ತಿರುತ್ತದೆ.

ನಿರುದ್ಯೋಗ ವಿಮೆಯ ನಿಯಮಗಳು ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾನು ಬರೆಯುತ್ತಿರುವುದು ಕ್ಯಾಲಿಫೋರ್ನಿಯಾದ್ದು ಮಾತ್ರ. ಟೆಕ್ಸಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರು ಕ್ರಮವನ್ನು ಗಮನಿಸಿ, ಅಂಕಿಗಳನ್ನು ತಮ್ಮ ರಾಜ್ಯದ ನೋಟಿಸಿನಲ್ಲೇ ನೋಡಿಕೊಳ್ಳಬೇಕು. ನಾನು ವಕೀಲನಲ್ಲ. ನನ್ನದೊಂದು, ಗೆಳೆಯರದೆರಡು ಕಡತಗಳನ್ನು ಕೊನೆಯವರೆಗೆ ಓದಿದವನು, ಅಷ್ಟೆ.

ಮೊದಲು ಒಂದು ಸಂಕೋಚ ಬಿಡಬೇಕು. ಈ ಹಣ ಬರುವುದು ಉದ್ಯೋಗದಾತರು ಕಟ್ಟುವ ತೆರಿಗೆಯಿಂದ. ಇದು ದಾನವಲ್ಲ, ವಿಮೆ. ಸರ್ಕಾರಕ್ಕೆ ಹೊರೆಯಾಗುವವರೇ ಎಂದು ವಲಸೆಯವರು ನೋಡುವ ‘ಪಬ್ಲಿಕ್ ಚಾರ್ಜ್’ ಲೆಕ್ಕಕ್ಕೂ ಇದು ಸೇರುವುದಿಲ್ಲ. ವಾರಕ್ಕೆ ಕನಿಷ್ಠ 40 ಡಾಲರ್, ಗರಿಷ್ಠ 450 ಡಾಲರ್. ಸಾಮಾನ್ಯ ಕಾಲದಲ್ಲಿ ಹೆಚ್ಚೆಂದರೆ 26 ವಾರ. ಮೊದಲ ಅರ್ಹ ವಾರಕ್ಕೆ ಹಣವಿಲ್ಲ, ಅದು ಕಾಯುವ ವಾರ. ಬೇ ಏರಿಯಾದ ಬಾಡಿಗೆಗೆ 450 ಡಾಲರ್ ಯಾವ ಮೂಲೆಗೆ ಎಂದು ಕೇಳಬೇಡಿ. ಗ್ರೀನ್ ಕಾರ್ಡ್, ಪೌರತ್ವ ಅಥವಾ ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ಇರುವವರು ಯಾರ ಬಳಿ ಬೇಕಾದರೂ ಕೆಲಸ ಮಾಡಬಹುದಾದ್ದರಿಂದ ಅವರ ಹಾದಿ ಸಲೀಸು. ಎಚ್-1ಬಿ ಕೆಲಸದ ವೀಸಾ ಇರುವವರಿಗೆ ಕೆಲಸ ಹೋದ ಮೇಲೆ ದೇಶದಲ್ಲಿ ಉಳಿಯಲು ಇರುವ 60 ದಿನಗಳ ಗಡುವಿನ ಜೊತೆಗೆ ‘ಈಗ ಕೆಲಸಕ್ಕೆ ಲಭ್ಯವೇ’ ಎಂಬ ಪ್ರಶ್ನೆಯೂ ತೊಡಕಾಗುತ್ತದೆ. ಅವರು ಅರ್ಜಿ ಹಾಕುವ ಮೊದಲೇ ವಲಸೆ ವಕೀಲರನ್ನು ಕೇಳಲಿ.

ಕಾರ್ಡು ಬಂತು, ಮುಂದೆ?

2024ರ ಫೆಬ್ರವರಿಗೆ ಮುಂಚೆ ಇಡಿಡಿ ಕಾರ್ಡು ಬ್ಯಾಂಕ್ ಆಫ್ ಅಮೆರಿಕದ್ದಾಗಿತ್ತು. ಆಮೇಲೆ ಮನಿ ನೆಟ್‌ವರ್ಕ್ ಎಂಬ ಕಂಪನಿಯ ಕಾರ್ಡು ಬಂತು. ಬಾಣಂತನದ ರಜೆಯಲ್ಲೋ ಕೋವಿಡ್ ಕಾಲದಲ್ಲೋ ಬಂದ ಹಳೆಯ ಕಾರ್ಡನ್ನು ‘ಜೋಪಾನವಾಗಿಟ್ಟಿದ್ದೇನೆ’ ಎಂದು ಹುಡುಕಿ ತೆಗೆದರೆ ಪ್ರಯೋಜನವಿಲ್ಲ. ಹೊಸ ಕಾರ್ಡು ಮಾತ್ರ ನಿರುದ್ಯೋಗ, ಅಂಗವೈಕಲ್ಯ, ಕುಟುಂಬ ರಜೆ ಈ ಮೂರಕ್ಕೂ ಒಂದೇ. ಹಾಗಾಗಿ ಇತ್ತೀಚೆಗೆ ಕುಟುಂಬ ರಜೆಯ ಹಣ ಪಡೆದವರು ಇನ್ನೊಂದು ಕಾರ್ಡಿಗೆ ಕಾಯುತ್ತ ಕೂರಬಾರದು. ಹಣ ಆಗ ಬಂದ ಮನಿ ನೆಟ್‌ವರ್ಕ್ ಕಾರ್ಡಿಗೇ ಬಿದ್ದಿರಬಹುದು. ಜಾಹೀರಾತಿನ ಅಂಚೆಯೆಂದುಕೊಂಡು ಲಕೋಟೆಯನ್ನೇ ಕಸಕ್ಕೆ ಹಾಕಿದವರೂ ಉಂಟು.

ನನ್ನನ್ನು ಕೇಳಿದರೆ ಕಾರ್ಡಿನ ಗೊಡವೆಯೇ ಬೇಡ. ಈಗ ಇಡಿಡಿಯ ಆನ್‌ಲೈನ್ ಖಾತೆಯಲ್ಲೇ ನೇರ ಜಮೆ ಆರಿಸಿಕೊಳ್ಳಬಹುದು. ಬ್ಯಾಂಕ್ ಖಾತೆ ಇರುವವರಿಗೆ ಅದೇ ಸರಿ. ಕಾರ್ಡೇ ಬೇಕೆನ್ನುವವರು ಬಂದ ದಿನವೇ ಸಕ್ರಿಯಗೊಳಿಸಿ, ಹುಟ್ಟಿದ ವರ್ಷವಲ್ಲದ ಪಿನ್ ಇಟ್ಟು, ಹಣ ಬಿದ್ದಂತೆ ತಮ್ಮ ಖಾತೆಗೆ ವರ್ಗಾಯಿಸಿಕೊಳ್ಳಲಿ. ಕಾರ್ಡಿನಲ್ಲಿ ಹಣ ಕೂಡಿಡಬೇಡಿ.

ಕಾರ್ಡು ನಿಂತಾಗ ಜನ ಎಡವುವುದು ಇಲ್ಲಿ: ಬೀಗ ಎರಡು ಇರುತ್ತವೆ, ಕೀಲಿ ಇಬ್ಬರ ಬಳಿ ಇರುತ್ತದೆ. ಕಾರ್ಡು ಉಜ್ಜಿದರೆ ನಿರಾಕರಣೆ ಬರುತ್ತಿದೆ, ಆದರೆ ಆನ್‌ಲೈನ್ ಖಾತೆಯಲ್ಲಿ ‘ಪಾವತಿಯಾಗಿದೆ’ ಎಂದಿದೆ ಎಂದರೆ ಬೀಗ ಕಾರ್ಡ್ ಕಂಪನಿಯದ್ದು. ಆ ವಾರ ಇನ್ನೂ ‘ಬಾಕಿ’ ಎಂದೇ ತೋರಿಸುತ್ತಿದ್ದರೆ ಬೀಗ ಇಲಾಖೆಯದ್ದು. ಕಾರ್ಡಿನ ಹಿಂಬದಿಯ ನಂಬರಿಗೆ ದಿನವಿಡೀ ಕರೆ ಮಾಡಿದರೂ ಅವರೇನೂ ಮಾಡಲಾರರು. ಕರೆ ಮಾಡುವ ಮುಂಚೆ ಈ ಒಂದು ಪರೀಕ್ಷೆ ಮಾಡಿಕೊಂಡರೆ ಅರ್ಧ ದಿನ ಉಳಿಯುತ್ತದೆ.

ಇಲಾಖೆಯ ಬೀಗಕ್ಕೆ ನಮ್ಮವರಲ್ಲಿ ಒಂದು ವಿಶೇಷ ಕಾರಣವಿದೆ: ಹೆಸರು. ನಮ್ಮ ಹೆಸರಿಗೆ ಊರಿನ ಇನಿಶಿಯಲ್ಲು, ತಂದೆಯ ಇನಿಶಿಯಲ್ಲು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗಿ, ‘ಮೊದಲ ಹೆಸರು ಗೊತ್ತಿಲ್ಲ’ ಎನ್ನುವುದೇ ನಮ್ಮ ಮೊದಲ ಹೆಸರಾಗಿಬಿಡುತ್ತದೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಒಂದು, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು. ಅರ್ಜಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿರುವಂತೆಯೇ ಬರೆಯಿರಿ. ಗುರುತಿನ ಪರಿಶೀಲನೆಗೆ ಕಾಗದ ಕೇಳಿದರೆ ಹೆಸರು ಏಕೆ ಎರಡು ಬಗೆಯಾಗಿದೆ ಎಂದು ಎರಡು ಸಾಲಿನ ವಿವರಣೆಯನ್ನೂ ಲಗತ್ತಿಸಿ.

ಹಣ ಕಳುವಾದರೆ ಕಾರ್ಡ್ ಕಂಪನಿಗೆ ತಕ್ಷಣ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ, ಅದೇ ದೂರನ್ನು ಬರಹದಲ್ಲೂ ಕಳಿಸಿ. ಎಲೆಕ್ಟ್ರಾನಿಕ್ ಪಾವತಿಗಳ ಕುರಿತ ಕೇಂದ್ರದ ನಿಯಮ ‘ರೆಗ್ಯುಲೇಷನ್ ಇ’ ಈ ಕಾರ್ಡುಗಳಿಗೂ ಅನ್ವಯಿಸುತ್ತದೆ. ಕಾರ್ಡು ಕಳೆದದ್ದು ತಿಳಿದ ಎರಡು ಕೆಲಸದ ದಿನಗಳಲ್ಲಿ ಹೇಳಿದರೆ ನಿಮ್ಮ ಹೊಣೆ ಹೆಚ್ಚೆಂದರೆ 50 ಡಾಲರ್. ತಡಮಾಡಿದರೆ 500ರವರೆಗೆ ಏರಬಹುದು. ಕಂಪನಿ ಸಾಮಾನ್ಯವಾಗಿ 10 ಕೆಲಸದ ದಿನಗಳಲ್ಲಿ ತನಿಖೆ ಮುಗಿಸಬೇಕು, ಇಲ್ಲವೇ ತಾತ್ಕಾಲಿಕವಾಗಿ ಹಣ ಜಮೆ ಮಾಡಿ ತನಿಖೆ ಮುಂದುವರಿಸಬೇಕು. ‘ಕಂಪ್ಯೂಟರ್ ನಿಮ್ಮ ದೂರನ್ನು ತಿರಸ್ಕರಿಸಿದೆ’ ಎಂಬಷ್ಟಕ್ಕೇ ಸುಮ್ಮನಾಗಬೇಡಿ. ಕೋವಿಡ್ ಕಾಲದಲ್ಲಿ ಬ್ಯಾಂಕ್ ಆಫ್ ಅಮೆರಿಕ ಸರಿಯಾದ ತನಿಖೆಯಿಲ್ಲದೆ, ಸ್ವಯಂಚಾಲಿತ ಜರಡಿಯೊಂದನ್ನು ನಂಬಿ ಫಲಾನುಭವಿಗಳ ಖಾತೆ ನಿಲ್ಲಿಸಿತೆಂದು ಕೇಂದ್ರದ ಎರಡು ನಿಯಂತ್ರಣ ಸಂಸ್ಥೆಗಳು 2022ರ ಜುಲೈನಲ್ಲಿ ಒಟ್ಟು 22.5 ಕೋಟಿ ಡಾಲರ್ ದಂಡ ಹಾಕಿದವು.

ಓವರ್‌ಪೇಮೆಂಟ್ ಹುಟ್ಟುವುದು ಎಲ್ಲಿ

ಹುಟ್ಟುವುದು, ಆ ವಾರಗಳ ಭತ್ಯೆಗೆ ಅರ್ಹರೆಂದು ತಿಳಿಸಲು ಎರಡು ವಾರಕ್ಕೊಮ್ಮೆ ತುಂಬುವ ‘ಸರ್ಟಿಫಿಕೇಷನ್’ ಫಾರಂನ ಉತ್ತರಗಳಲ್ಲಿ. ಅಲ್ಲಿ ನಮ್ಮವರು ಬೀಳುವ ಗುಂಡಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಅರೆಕಾಲಿಕ ಕೆಲಸದ ಸಂಬಳ. ಬರೆಯಬೇಕಾದದ್ದು ಕೈಗೆ ಬಂದ ಹಣವಲ್ಲ, ತೆರಿಗೆ ಕಳೆಯುವ ಮುಂಚಿನ ಒಟ್ಟು ಸಂಬಳ. ಸಂಬಳ ಬಿದ್ದ ವಾರಕ್ಕಲ್ಲ, ದುಡಿದ ವಾರಕ್ಕೆ. ವಾರವೆಂದರೆ ಭಾನುವಾರದಿಂದ ಶನಿವಾರ. ಲೆಕ್ಕ ಹೀಗಿದೆ: ವಾರದ ಗಳಿಕೆಯಲ್ಲಿ 25 ಡಾಲರ್ ಅಥವಾ ಶೇ. 25, ಯಾವುದು ಹೆಚ್ಚೋ ಅದನ್ನು ಬಿಟ್ಟು, ಉಳಿದದ್ದನ್ನು ಭತ್ಯೆಯಿಂದ ಕಳೆಯುತ್ತಾರೆ. ನಿಮ್ಮ ಭತ್ಯೆ 450, ಆ ವಾರದ ಒಟ್ಟು ಗಳಿಕೆ 400 ಎಂದಿಟ್ಟುಕೊಳ್ಳಿ. 100 ಬಿಟ್ಟರೆ 300. ಭತ್ಯೆಯಲ್ಲಿ 150 ಬರಬೇಕು. ನೀವು ಕೈಗೆ ಬಂದ 320 ಎಂದು ಬರೆದಿರಿ. 80 ಬಿಟ್ಟು 240 ಕಳೆದು, 210 ಕೊಟ್ಟರು. ವಾರಕ್ಕೆ 60 ಡಾಲರ್ ಹೆಚ್ಚು. ಹತ್ತು ವಾರಕ್ಕೆ 600. ಆ ಮೂರು ತಿಂಗಳಿಗೆ ಉದ್ಯೋಗದಾತರು ಸರ್ಕಾರಕ್ಕೆ ಕೊಡುವ ಸಂಬಳದ ವರದಿಯನ್ನು ಇಲಾಖೆ ಹೋಲಿಸಿದಾಗ ಇದು ಸಿಕ್ಕೇ ಸಿಗುತ್ತದೆ.

ಎರಡನೆಯದು ಊರು. ಅಪ್ಪನಿಗೆ ಹುಷಾರಿಲ್ಲವೆಂದು ಮೈಸೂರಿಗೆ ಹೋದಿರಿ, ಅಲ್ಲಿಂದಲೇ ಲ್ಯಾಪ್‌ಟಾಪ್ ತೆರೆದು ಸರ್ಟಿಫೈ ಮಾಡಿದಿರಿ. ‘ಸಂದರ್ಶನಕ್ಕೆ ಜೂಮ್ ಸಾಕಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಭಾರತದಲ್ಲಿದ್ದ ವಾರದಲ್ಲಿ ನೀವು ಇಲ್ಲಿ ಕೆಲಸಕ್ಕೆ ಲಭ್ಯರಿಲ್ಲ. ಫಾರಂನ ಪ್ರಶ್ನೆಯೂ ಸುತ್ತುಬಳಸಿನದು: ಕಾಯಿಲೆ ಬಿಟ್ಟು ಬೇರೆ ಯಾವುದಾದರೂ ಕಾರಣದಿಂದ ನೀವು ಪೂರ್ಣಾವಧಿ ಕೆಲಸ ಒಪ್ಪಿಕೊಳ್ಳಲು ಆಗುತ್ತಿರಲಿಲ್ಲವೇ ಎಂದು ಕೇಳುತ್ತಾರೆ. ಪ್ರವಾಸದಲ್ಲಿದ್ದರೆ ಉತ್ತರ ‘ಹೌದು’. ಅವಸರದಲ್ಲಿ ಎಲ್ಲಕ್ಕೂ ‘ಇಲ್ಲ’ ಒತ್ತಿದರೆ ಅದು ಸುಳ್ಳು ಹೇಳಿಕೆಯಂತೆ ಕಡತ ಸೇರುತ್ತದೆ. ವಿಮಾನದ ಟಿಕೆಟ್ಟೂ ಪಾಸ್‌ಪೋರ್ಟಿನ ಮುದ್ರೆಯೂ ಎಂದಾದರೊಂದು ದಿನ ಎದುರು ಬರುವ ದಾಖಲೆಗಳು.

ಮೂರನೆಯದು ನಾನೇ ಬಿದ್ದ ಗುಂಡಿ. ಕೆಲಸದ ಕೊನೆಯ ದಿನ ಜೂನ್ 5. ಶಾಲೆಯಲ್ಲಿ ಕಲಿತ ಕೈ 05/06 ಎಂದು ಬರೆಯಿತು. ಇಲ್ಲಿನವರ ಪಾಲಿಗೆ ಅದು ಮೇ 6. ಒಂದು ತಿಂಗಳು ಸಂಬಳವನ್ನೂ ಭತ್ಯೆಯನ್ನೂ ಒಟ್ಟಿಗೆ ತಿಂದವನಂತೆ ಕಾಗದದಲ್ಲಿ ಕಂಡೆ. ಹನ್ನೆರಡು ವರ್ಷ ಈ ದೇಶದಲ್ಲಿದ್ದವನು ಮಾಡಿದ ತಪ್ಪು. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಲು ಜಾಗವಿದ್ದರೆ ಹಾಗೇ ಬರೆಯಿರಿ.

ತಪ್ಪು ನಿಮಗೇ ಗೊತ್ತಾದರೆ ನೋಟಿಸಿಗೆ ಕಾಯದೆ ಇಲಾಖೆಗೆ ಬರೆದು ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಮುಂದೆ ‘ಗೊತ್ತಿದ್ದೂ ಮುಚ್ಚಿಟ್ಟರು’ ಎಂಬ ಮಾತು ಬಂದಾಗ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ನೋಟಿಸು ಬಂದ ದಿನ

ಲಕೋಟೆ ಒಡೆದು ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ, ‘ಅಂಚೆಗೆ ಹಾಕಿದ ದಿನಾಂಕ’ವನ್ನು. ಮೇಲ್ಮನವಿಗೆ ಆ ದಿನದಿಂದ 30 ದಿನ. ನಿಮ್ಮ ಕೈ ಸೇರಿದ ದಿನದಿಂದಲ್ಲ. ಶನಿವಾರ, ಭಾನುವಾರವೂ ಲೆಕ್ಕಕ್ಕೆ ಸೇರುತ್ತವೆ. ಕೆಲಸ ಹೋದ ಮೇಲೆ ಚಿಕ್ಕ ಮನೆಗೆ ಹೋದವರು ವಿಳಾಸವನ್ನು ಇಡಿಡಿ ಖಾತೆಯಲ್ಲೇ ಬದಲಿಸಬೇಕು. ಅಂಚೆ ಕಚೇರಿಯಲ್ಲಿ ಬದಲಿಸಿದ್ದೊಂದನ್ನೇ ನಂಬಬೇಡಿ. ಗಡುವು ಮೀರಿದ್ದರೂ ಹಾಕಿ, ತಡವಾದದ್ದಕ್ಕೆ ಸಕಾರಣ ಬರೆಯಿರಿ. ಕಾರಣ ಸಾಕೇ ಎಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ.

ಎರಡನೆಯದಾಗಿ, ಕಾಗದ ಎಷ್ಟಿವೆ ಎಂದು ಎಣಿಸಿ. ಒಂದರಲ್ಲಿ ‘ಇಂಥ ವಾರಗಳಿಗೆ ನೀವು ಅರ್ಹರಲ್ಲ’ ಎಂಬ ನಿರ್ಣಯ ಇರುತ್ತದೆ. ಇನ್ನೊಂದರಲ್ಲಿ ‘ಆದ್ದರಿಂದ ಇಷ್ಟು ವಾಪಸು ಕೊಡಿ’ ಎಂಬ ಓವರ್‌ಪೇಮೆಂಟ್ ನೋಟಿಸು. ಎರಡೂ ಒಂದೇ ದಿನ ಬರಬೇಕೆಂದಿಲ್ಲ. ಮೊತ್ತ ಕಂಡು ಹೆದರಿದವರು ಎರಡನೆಯದಕ್ಕೆ ಮಾತ್ರ ಮೇಲ್ಮನವಿ ಹಾಕುತ್ತಾರೆ. ಆಗ ಬುಡವನ್ನು ಒಪ್ಪಿಕೊಂಡು ಕೊಂಬೆಗೆ ಜಗಳವಾಡಿದಂತಾಗುತ್ತದೆ. ಎರಡಕ್ಕೂ ಹಾಕಿ. ಪ್ರತಿ ನೋಟಿಸಿನ ದಿನಾಂಕವನ್ನೂ ಮೇಲ್ಮನವಿಯಲ್ಲಿ ಬರೆಯಿರಿ.

ಮೂರನೆಯದು, ‘ಸುಳ್ಳು ಹೇಳಿಕೆ’ ಎಂಬ ಮಾತು ಇದೆಯೇ ಎಂದು ನೋಡಿ. ಇಡೀ ಪ್ರಕರಣದ ತೂಕ ನಿಂತಿರುವುದು ಅದರ ಮೇಲೆ. ಬರೀ ತಪ್ಪಾಗಿದ್ದರೆ ಕೊಡಬೇಕಾದದ್ದು ಅಸಲು. ಮುಂದಿನ ಭತ್ಯೆಯಲ್ಲಿ ವಾರಕ್ಕೆ ಶೇ. 25ರಂತೆ ಹಿಡಿದುಕೊಳ್ಳುತ್ತಾರೆ. ಸುಳ್ಳೆಂದು ತೀರ್ಮಾನಿಸಿದರೆ ಅಸಲಿನ ಮೇಲೆ ಶೇ. 30 ದಂಡ, ಮುಂದಿನ ಭತ್ಯೆಯ ಶೇ. 100 ಹಿಡಿತ, ಜೊತೆಗೆ 5ರಿಂದ 23 ವಾರಗಳವರೆಗೆ ಅನರ್ಹತೆ. ಮೇಲಿನ 600 ಡಾಲರ್ 780 ಆಗುತ್ತದೆ. ಮೊತ್ತ ಚಿಕ್ಕದೆಂದು ಕಟ್ಟಿ ಕೈತೊಳೆದುಕೊಳ್ಳುವವರಿಗೆ ನನ್ನ ಮಾತು ಇಷ್ಟೆ: 180 ಡಾಲರಿನ ದಂಡಕ್ಕಿಂತ ಆ ಹಣೆಪಟ್ಟಿ ದುಬಾರಿ. ನಾಳೆ ಪೌರತ್ವದ ಅರ್ಜಿಯಲ್ಲಿ ಸರ್ಕಾರಕ್ಕೆ ಸುಳ್ಳು ಹೇಳಿದ್ದೀರಾ ಎಂಬ ಪ್ರಶ್ನೆ ಬಂದಾಗ ಅದು ಎದ್ದು ಕೂರುತ್ತದೆ. ಹಣ ಕೊಡಬೇಕಾದದ್ದು ನಿಜ ಎಂದಾದರೂ ಸುಳ್ಳೆಂಬ ಆರೋಪವೊಂದನ್ನೇ ಪ್ರಶ್ನಿಸಿ ಮೇಲ್ಮನವಿ ಹಾಕಬಹುದು.

ನೋಟಿಸಿನ ಜೊತೆ ಬರುವ ಮೇಲ್ಮನವಿ ಫಾರಂನಲ್ಲಿ ಮಹಾಭಾರತ ಬೇಡ. ‘ಈ ನಿರ್ಣಯವನ್ನು ಒಪ್ಪುವುದಿಲ್ಲ. ಒಟ್ಟು ಸಂಬಳದ ಬದಲು ಕೈಗೆ ಬಂದ ಸಂಬಳ ಬರೆದೆ. ಉದ್ದೇಶಪೂರ್ವಕವಲ್ಲ. ವಿಚಾರಣೆ ಬೇಕು, ಕನ್ನಡ ದುಭಾಷಿ ಬೇಕು’ ಎಂಬಷ್ಟು ಸಾಕು. ನೋಟಿಸಿನಲ್ಲಿರುವ ವಿಳಾಸಕ್ಕೆ, ರವಾನೆಯ ಪುರಾವೆ ಸಿಗುವ ರೀತಿಯಲ್ಲಿ ಕಳಿಸಿ. ಆದಾಯ, ಖರ್ಚಿನ ಹಣಕಾಸು ಫಾರಂ ಬಂದಿದ್ದರೆ ಅದನ್ನೂ ತುಂಬಿ. ತಪ್ಪು ನಿಮ್ಮದಲ್ಲ, ವಾಪಸು ಕೊಡುವುದು ಅತೀವ ಕಷ್ಟ ಎಂದು ತೋರಿಸಿದರೆ ವಸೂಲಿ ಮನ್ನಾ ಆಗುವ ದಾರಿ ಅದೇ. ಸುಳ್ಳಿನ ತೀರ್ಮಾನ ಇದ್ದಲ್ಲಿ ಮನ್ನಾ ಇಲ್ಲ. ಮೇಲ್ಮನವಿ ಬಾಕಿ ಇರುವಾಗಲೂ, ಕೆಲಸ ಸಿಗದಿದ್ದರೆ, ಸರ್ಟಿಫಿಕೇಷನ್ ನಿಲ್ಲಿಸಬೇಡಿ. ಗೆದ್ದ ಮೇಲೆ, ಸರ್ಟಿಫೈ ಮಾಡಿದ ವಾರಗಳಿಗಷ್ಟೇ ಹಣ ಸಿಗುತ್ತದೆ.

ವಿಚಾರಣೆ

ಇಡಿಡಿ ಮೊದಲು ತಾನೇ ಮರುಪರಿಶೀಲಿಸಿ, ಮನಸ್ಸು ಬದಲಿಸದಿದ್ದರೆ ಕಡತವನ್ನು ಕ್ಯಾಲಿಫೋರ್ನಿಯಾ ನಿರುದ್ಯೋಗ ವಿಮಾ ಮೇಲ್ಮನವಿ ಮಂಡಳಿಗೆ ಕಳಿಸುತ್ತದೆ. ಅದು ಬೇರೆಯೇ ಸಂಸ್ಥೆ. ಅಲ್ಲಿನ ಆಡಳಿತ ಕಾನೂನು ನ್ಯಾಯಾಧೀಶರು ಇಲಾಖೆಯ ನಿರ್ಣಯಕ್ಕೆ ಮುದ್ರೆ ಒತ್ತಲು ಕೂತವರಲ್ಲ. ಸಾಕ್ಷ್ಯವನ್ನು ಹೊಸದಾಗಿ ಕೇಳುತ್ತಾರೆ. ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ ಸೂಚನೆ ಬರಬೇಕು. ಹೆಚ್ಚಿನವು ಫೋನಿನಲ್ಲೇ ನಡೆಯುತ್ತವೆ. ನೀವು ಕರೆ ಮಾಡಬೇಕೋ ಅವರೇ ಮಾಡುತ್ತಾರೋ ಎಂಬುದನ್ನು ಸೂಚನೆಯಲ್ಲಿ ಎರಡು ಸಲ ಓದಿ. ಅಪರಿಚಿತ ನಂಬರುಗಳನ್ನು ತಡೆಯುವ ಫೋನಿನ ಸೌಲಭ್ಯವನ್ನು ಅವತ್ತು ಆಫ್ ಮಾಡಿ.

ಮುಂಚೆಯೇ ಕಡತದ ಪ್ರತಿ ಕೇಳಿ ತರಿಸಿಕೊಳ್ಳಿ. ಆ ಹಕ್ಕು ನಿಮಗಿದೆ. ಸಂದರ್ಶನದಲ್ಲಿ ನೀವು ಹೇಳಿದ್ದೆಂದು ಅಧಿಕಾರಿ ಏನು ಬರೆದುಕೊಂಡಿದ್ದಾರೆ ಎಂಬುದು ಅಲ್ಲಿರುತ್ತದೆ. ನಿಮ್ಮ ಕಡೆಯಿಂದ ಪೇ ಸ್ಟಬ್‌ಗಳು, ಕೆಲಸದಿಂದ ತೆಗೆದ ಪತ್ರ ಅಥವಾ ಇಮೇಲು, ವಾರವಾರದ ಗಳಿಕೆಯ ಒಂದು ಪುಟದ ಪಟ್ಟಿ ಸಾಕು. ಪುಟಗಳಿಗೆ ಸಂಖ್ಯೆ ಹಾಕಿ ಸೂಚನೆಯಲ್ಲಿ ಹೇಳಿದಂತೆ ಮೊದಲೇ ಕಳಿಸಿ. ನಡೆದದ್ದನ್ನು ಕಣ್ಣಾರೆ ಕಂಡ ಸಹೋದ್ಯೋಗಿ ಸಿಕ್ಕರೆ ಅವರ ಪತ್ರಕ್ಕಿಂತ ಅವರೇ ಫೋನಿಗೆ ಬರುವುದು ಮೇಲು.

ದುಭಾಷಿ ಉಚಿತ. ‘ನನಗೆ ಇಂಗ್ಲಿಷ್ ಬರುತ್ತೆ’ ಎಂಬ ಜಂಬ ಒಂದು ಗಂಟೆ ಪಕ್ಕಕ್ಕಿಡಿ. ಆಫೀಸಿನ ಇಂಗ್ಲಿಷೇ ಬೇರೆ, ಪ್ರಮಾಣ ಮಾಡಿ ಸಾಕ್ಷಿ ಹೇಳುವ ಇಂಗ್ಲಿಷೇ ಬೇರೆ. ಕನ್ನಡದವರನ್ನೇ ಕೇಳಿ, ‘ಹಿಂದಿಯಾದರೂ ನಡೆಯುತ್ತೆ’ ಎನ್ನಬೇಡಿ. ದುಭಾಷಿ ಇದ್ದಾಗಲೂ ನಮ್ಮ ಮಾತಿನ ಕೆಲವು ರೂಢಿ ಅಪಾಯಕಾರಿ. ‘ಮಾರ್ಚ್‌ನಲ್ಲಿ ಕಂಪನಿ ಬಿಟ್ಟೆ’ ಎಂದು ಸಲೀಸಾಗಿ ಹೇಳುತ್ತೇವೆ. ಅನುವಾದದಲ್ಲಿ ಅದು ನೀವೇ ರಾಜೀನಾಮೆ ಕೊಟ್ಟಂತೆ. ತೆಗೆದುಹಾಕಿದ್ದರೆ ‘ಕಂಪನಿ ನನ್ನನ್ನು ತೆಗೆಯಿತು’ ಎಂದೇ ಹೇಳಿ. ‘ಪೇಪರ್ ಹಾಕಿದೆ’ ಎನ್ನುವವರು, ಯಾರು ಹಾಕಲು ಹೇಳಿದರು ಎಂಬುದನ್ನು ಸೇರಿಸಬೇಕು. ರಾಜೀನಾಮೆ ಕೊಡು, ಇಲ್ಲವೇ ತೆಗೆಯುತ್ತೇವೆ ಎಂದು ಕೊಡಿಸಿದ ರಾಜೀನಾಮೆಯನ್ನು ಇಲ್ಲಿನ ನಿಯಮ ವಜಾ ಎಂದೇ ನೋಡುತ್ತದೆ. ‘ಊರಿಗೆ ಹೋಗಿದ್ದೆ’ ಎಂದರೆ ಯಾವ ಊರು, ಯಾವ ದೇಶ, ಎಷ್ಟರಿಂದ ಎಷ್ಟರವರೆಗೆ ಎಂದು ಬಿಡಿಸಿ ಹೇಳಿ.

ಎಲ್ಲಕ್ಕಿಂತ ಕೆಟ್ಟದ್ದು ನಮ್ಮ ‘ಹೌದು’. ‘ನೀವು ಆ ವಾರ ಕೆಲಸ ಮಾಡಲಿಲ್ಲ, ಅಲ್ಲವೇ?’ ಎಂದು ಕೇಳಿದರೆ ಕನ್ನಡಿಗ ‘ಹೌದು’ ಎನ್ನುತ್ತಾನೆ. ಮಾಡಲಿಲ್ಲ ಎಂಬುದು ಅವನ ಅರ್ಥ. ಇಂಗ್ಲಿಷ್ ಕಿವಿಗೆ ಅದು ಮಾಡಿದೆ ಎಂದು ಕೇಳಿಸುತ್ತದೆ. ಅದೆಲ್ಲ ಧ್ವನಿಮುದ್ರಣವಾಗುತ್ತಿರುತ್ತದೆ. ಪ್ರತಿ ಉತ್ತರವನ್ನೂ ಪೂರ್ಣ ವಾಕ್ಯದಲ್ಲಿ ಕೊಡಿ: ‘ಆ ವಾರ ನಾನು ಕೆಲಸ ಮಾಡಲಿಲ್ಲ.’ ಗೆಳೆಯನ ವಿಚಾರಣೆಯ ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ಇದನ್ನೇ ಅರ್ಧ ಗಂಟೆ ಅಭ್ಯಾಸ ಮಾಡಿದೆವು. ಅವನ ಮಗಳಿಗೆ ಅದು ದೊಡ್ಡ ತಮಾಷೆಯಾಗಿತ್ತು.

ಕ್ರಮ ಸರಳ. ಪ್ರಮಾಣವಚನ, ಕಡತದ ಕಾಗದಗಳ ಓದು, ನ್ಯಾಯಾಧೀಶರ ಪ್ರಶ್ನೆ, ಮಾಜಿ ಉದ್ಯೋಗದಾತರು ಪಾಲ್ಗೊಂಡಿದ್ದರೆ ಅವರ ಮಾತು, ಅವರಿಗೆ ನಿಮ್ಮ ಪ್ರಶ್ನೆ, ಕೊನೆಗೆ ನಿಮ್ಮ ಮಾತು. ಸುಳ್ಳಿನ ಆರೋಪದಲ್ಲಿ ನೋಡುವುದು ಉತ್ತರ ತಪ್ಪಾಗಿತ್ತೇ ಎಂಬುದನ್ನಷ್ಟೇ ಅಲ್ಲ, ತಪ್ಪೆಂದು ಗೊತ್ತಿದ್ದೂ ಬರೆದಿರೇ ಎಂಬುದನ್ನು. ಆದ್ದರಿಂದ ಬರೆದಾಗ ನಿಮ್ಮ ತಲೆಯಲ್ಲಿ ಏನಿತ್ತು ಎಂದು ಹೇಳಿ: ಪ್ರಶ್ನೆಯನ್ನು ಹೇಗೆ ಅರ್ಥಮಾಡಿಕೊಂಡಿರಿ, ಆ ಅಂಕಿ ಎಲ್ಲಿಂದ ತೆಗೆದಿರಿ. ಬ್ಯಾಂಕ್ ಖಾತೆಗೆ ಬಿದ್ದ ಮೊತ್ತವನ್ನೇ ವಾರವಾರವೂ ಪೈಸೆ ಬಿಡದೆ ಬರೆದವನ ತಪ್ಪಿಗೆ ಒಂದು ಕ್ರಮ ಇರುತ್ತದೆ. ಮುಚ್ಚಿಡುವವನು ಸೊನ್ನೆ ಬರೆಯುತ್ತಾನೆ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಪಕ್ಕಕ್ಕಿಟ್ಟು ಈ ವ್ಯತ್ಯಾಸ ತೋರಿಸಿ. ಗೊತ್ತಿಲ್ಲದ್ದಕ್ಕೆ ‘ನೆನಪಿಲ್ಲ’ ಎನ್ನಿ, ಊಹಿಸಿ ಹೇಳಬೇಡಿ. ಮಕ್ಕಳ ಫೀಸು, ಇಎಂಐ ಇವೆಲ್ಲ ಮನ್ನಾದ ಪ್ರಶ್ನೆ ಬಂದಾಗ ಹೇಳುವ ಮಾತು. ಅರ್ಹತೆಯ ಪ್ರಶ್ನೆಗೆ ಅದು ಉತ್ತರವಲ್ಲ.

ಒಬ್ಬರೇ ಎದುರಿಸಲು ಧೈರ್ಯ ಸಾಲದಿದ್ದರೆ ಸ್ಯಾನ್ ಫ್ರಾನ್ಸಿಸ್ಕೋದ ಲೀಗಲ್ ಏಯ್ಡ್ ಅಟ್ ವರ್ಕ್, ಸ್ಯಾಕ್ರಮೆಂಟೋದ ಸೆಂಟರ್ ಫಾರ್ ವರ್ಕರ್ಸ್ ರೈಟ್ಸ್‌ನಂಥ ಸಂಸ್ಥೆಗಳಿಗೆ ವಿಚಾರಣೆಯ ಸೂಚನೆ ಬಂದ ದಿನವೇ ಬರೆಯಿರಿ. ಹಿಂದಿನ ದಿನ ಕೇಳಿದರೆ ಯಾರೂ ಸಿಗುವುದಿಲ್ಲ.

ತೀರ್ಪು ಬಂದ ಮೇಲೆ

ತೀರ್ಪು ಅಂಚೆಯಲ್ಲಿ ಬರುತ್ತದೆ. ಒಪ್ಪದಿದ್ದರೆ ಮಂಡಳಿಗೆ ಎರಡನೆಯ ಮೇಲ್ಮನವಿ ಹಾಕಲು ಮತ್ತೆ 30 ದಿನ. ಅಲ್ಲಿ ಸಾಮಾನ್ಯವಾಗಿ ಹೊಸ ವಿಚಾರಣೆ ಇಲ್ಲ. ಧ್ವನಿಮುದ್ರಿಕೆ, ಕಡತ ಮತ್ತು ನಿಮ್ಮ ವಾದದ ಪತ್ರ ನೋಡುತ್ತಾರೆ. ಅದೂ ಸೋತರೆ ಆರು ತಿಂಗಳೊಳಗೆ ಸುಪೀರಿಯರ್ ಕೋರ್ಟಿಗೆ ಹೋಗಬಹುದು. ಅಲ್ಲಿಗೆ ವಕೀಲರಿಲ್ಲದೆ ಹೋಗಬೇಡಿ. ವಿಚಾರಣೆಯನ್ನೇ ತಪ್ಪಿಸಿಕೊಂಡು ಮೇಲ್ಮನವಿ ವಜಾ ಆಗಿದ್ದರೆ, ಕಾರಣ ಬರೆದು ಮರಳಿ ತೆರೆಯಲು ಕೇಳಬಹುದು. ಗಡುವು ಆ ಆದೇಶದಲ್ಲೇ ಇರುತ್ತದೆ.

ಕೊಡಲೇಬೇಕೆಂದಾದರೆ ಕಂತು ಕೇಳಿ. ಸುಮ್ಮನಿದ್ದರೆ ತೆರಿಗೆಯ ಮರುಪಾವತಿಯನ್ನು ಹಿಡಿದುಕೊಳ್ಳುತ್ತಾರೆ. ತೆರಿಗೆಯದ್ದೇ ಇನ್ನೊಂದು ಮಾತು: ಭತ್ಯೆಗೆ ಕ್ಯಾಲಿಫೋರ್ನಿಯಾ ತೆರಿಗೆ ಇಲ್ಲ, ಕೇಂದ್ರದ್ದಿದೆ, ಪಡೆದ ಭತ್ಯೆಯ ಲೆಕ್ಕ ತೋರಿಸುವ 1099-ಜಿ ಫಾರಂ ಜನವರಿಯಲ್ಲಿ ಬರುತ್ತದೆ. ಒಂದು ವರ್ಷ ಪಡೆದದ್ದನ್ನು ಇನ್ನೊಂದು ವರ್ಷ ವಾಪಸು ಕೊಟ್ಟು, ಆ ಮೊತ್ತ 3,000 ಡಾಲರ್ ಮೀರಿದ್ದರೆ, ಆಗ ಕಟ್ಟಿದ ತೆರಿಗೆಯನ್ನು ಕಡಿತವಾಗಿಯೋ ಕ್ರೆಡಿಟ್ ಆಗಿಯೋ ಕೇಳಿ ಪಡೆಯಬಹುದು. ಲೆಕ್ಕ ನೋಡುವವರು ತಾವಾಗಿ ಕೇಳುವುದು ಕಡಿಮೆ. ಇಲಾಖೆಗೆ ಹಣ ವಾಪಸು ಕೊಟ್ಟ ರಸೀದಿಗಳನ್ನು ಆ ವರ್ಷದ ತೆರಿಗೆ ಕಡತಕ್ಕೇ ಪಿನ್ನು ಹಾಕಿ ಇಡಿ.